ಆಂಟಿಯ ಬ್ಯಾಟರಿ ಬೈರಿಗೆ

ಕಳೆದ ನವೆಂಬರಿನ ಒಂದು ಬೆಳಿಗ್ಗೆ ಆಸ್ಟಿನ್ನಿನ ನಮ್ಮ ಮನೆಯ ಮುಂದೆ, ಒಣಗಿ ಬಿದ್ದ ಎಲೆಗಳನ್ನು ಊದಿ ಗುಡ್ಡೆ ಹಾಕುವವರು ಬಂದಿದ್ದರು. ಅವರು ಬೆನ್ನಿಗೆ ಕಟ್ಟಿಕೊಂಡಿದ್ದ ಯಂತ್ರದಿಂದ, ಪೆಟ್ರೋಲಿಗೆ ಆಯಿಲ್ ಬೆರೆಸಿ ಉರಿಸಿದಾಗ ಬರುವ ವಾಸನೆ ಬರುತ್ತಿತ್ತು. ಹಳೆಯ ಸ್ಕೂಟರುಗಳ ಹೊಗೆಯ ವಾಸನೆಯೇ ಅದು. ನನ್ನ ವಯಸ್ಸಿನವರಿಗೆ ಅದರಿಂದ ಊರಿನ ಯಾವುದಾದರೂ ರಸ್ತೆ ನೆನಪಾಗಬೇಕು. ನನಗೆ ನೆನಪಾದದ್ದು ಇರ್ವಿಂಗಿನ ಒಂದು ಗರಾಜು, ಅದರ ಗೋಡೆಗೆ ಒರಗಿಸಿಟ್ಟಿದ್ದ ಕೆಂಪು ಯಂತ್ರ, ಮತ್ತು ಅದರ ಪಕ್ಕದಲ್ಲಿ ಬಲಭುಜ ಹಿಡಿದುಕೊಂಡು ನಿಂತಿದ್ದ ಪಕ್ಕದ ಮನೆಯ ಆಂಟಿ.

ಎರಡು ಸಾವಿರದ ಹತ್ತರ ದಶಕದ ನಡುವಿನ ಕೆಲವು ವರ್ಷ ನಾವು ಡಲ್ಲಾಸ್ ಪಕ್ಕದ ಇರ್ವಿಂಗಿನಲ್ಲಿದ್ದೆವು. ಆಫೀಸಿಗೆ ಹತ್ತಿರ, ದೇವಸ್ಥಾನಕ್ಕೆ ಹತ್ತಿರ, ಕರಿಬೇವು ಸಿಗುವ ಅಂಗಡಿಗೂ ಹತ್ತಿರ. ಆಂಟಿ ಪಕ್ಕದ ಮನೆಗೆ ಬಂದದ್ದು ಒಂದು ಬೇಸಿಗೆಯಲ್ಲಿ. ಅವರ ಒಬ್ಬಳೇ ಮಗಳು ಹತ್ತಿರದ ಸೌತ್‌ಲೇಕ್‌ನಲ್ಲಿ ಡಾಕ್ಟರ್. ದೊಡ್ಡ ಮನೆ ಇತ್ತು, ಜೊತೆಗೇ ಇರು ಎಂದು ಕರೆದಿದ್ದಳು. ಆಂಟಿ ಒಪ್ಪದೆ ಮಹಡಿಯಿಲ್ಲದ ಈ ಸಣ್ಣ ಮನೆಯನ್ನು ತಾವೇ ನೋಡಿ ಆರಿಸಿಕೊಂಡಿದ್ದರು. ಬೇಲಿಯಾಚೆಯಿಂದ ನಮ್ಮ ಮಾತು ಕೇಳಿಸಿಕೊಂಡು, "ಕನ್ನಡದವರಾ? ಒಳ್ಳೆದಾಯ್ತು" ಎಂದಷ್ಟೇ ಹೇಳಿ ಒಳಗೆ ಹೋದರು. ಹೆಚ್ಚು ಮಾತಿನವರಲ್ಲ.

ಅವರು ಮಲ್ಪೆ ಕಡೆಯವರು. ಮದುವೆಯಾಗಿ ಬಂದದ್ದು ಮಿನೆಸೋಟಾದ ಉತ್ತರದ ತುದಿಗೆ. ಗಂಡ ಅಲ್ಲಿಯ ಕಬ್ಬಿಣದ ಗಣಿಯಲ್ಲಿ ಇಂಜಿನಿಯರ್ ಆಗಿದ್ದರು. ಆ ಊರಿನಲ್ಲಿ ಇಂಡಿಯಾದವರೆಂದರೆ ಅವರ ಮನೆಯವರೇ. ಚಳಿಗಾಲದಲ್ಲಿ ಅಲ್ಲಿಯ ಕೆರೆಗಳು ಎಷ್ಟು ಗಟ್ಟಿಯಾಗಿ ಹೆಪ್ಪುಗಟ್ಟುತ್ತವೆಂದರೆ ಜನ ಅದರ ಮೇಲೆ ಟ್ರಕ್ ಓಡಿಸಿಕೊಂಡು ಹೋಗಿ, ಐಸಿನಲ್ಲಿ ತೂತು ಕೊರೆದು, ಅದರೊಳಗೆ ದಾರ ಬಿಟ್ಟು ಮೀನು ಹಿಡಿಯುತ್ತಾರೆ. ಮೊದಲ ವರ್ಷ ಅಕ್ಕಪಕ್ಕದವರು ಇವರನ್ನೂ ಕರೆದುಕೊಂಡು ಹೋದರು. ಆಮೇಲೆ ಮೂವತ್ತಕ್ಕೂ ಹೆಚ್ಚು ಚಳಿಗಾಲ ಗಂಡ ಹೆಂಡತಿ ತಾವಾಗಿಯೇ ಹೋದರು. ಗಂಡ ತೂತು ಕೊರೆಯುವುದು, ಹೆಂಡತಿ ಬಕೆಟ್ ಬೋರಲು ಹಾಕಿ ಕೂತು ಹಿಡಿಯುವುದು.

"ನಮ್ಮಲ್ಲಿ ಗಂಡಸರು ಕಡಲಿಗೆ ಹೋಗುದು, ಹೆಂಗಸರು ಬುಟ್ಟಿ ಹೊತ್ತು ಮಾರುದು" ಎಂದು ಅವರು ಒಮ್ಮೆ ಹೇಳಿದ್ದರು. "ನನ್ನ ಅಮ್ಮ, ಅಜ್ಜಿ ಎಲ್ಲ ಮಾರಿದವರು. ಹಿಡಿದವರು ಒಬ್ಬರೂ ಇಲ್ಲ. ಹಿಡಿದವಳು ನಾನೇ ಮೊದಲು."

ನಾನು ಮೈಸೂರಿನವನು. ನಮ್ಮ ಮನೆಯಲ್ಲಿ ಮೀನು ಬೇಯಿಸುವುದೂ ಇಲ್ಲ. ಹೀಗಾಗಿ ಈ ವಿಷಯದಲ್ಲಿ ನಾನು ಹೇಗೆ ಸಿಕ್ಕಿಕೊಂಡೆ ಎನ್ನುವುದನ್ನು ಹೇಳಬೇಕು.

ಸೆಪ್ಟೆಂಬರ್ ಇರಬೇಕು. ಬಿಸಿಲು ಇನ್ನೂ ಇಳಿದಿರಲಿಲ್ಲ. ನಮ್ಮಿಬ್ಬರ ಮನೆಗಳ ನಡುವಿನ ಬೇಲಿಯ ಹಲಗೆ ಸಡಿಲವಾಗಿತ್ತು. ನಾನು ಡ್ರಿಲ್ ಹಿಡಿದು ಸ್ಕ್ರೂ ಹಾಕುತ್ತಿದ್ದೆ. ಆಂಟಿ ಆಚೆ ಕಡೆ ನೆರಳಿನಲ್ಲಿ ನಿಂತು ನೋಡುತ್ತಿದ್ದರು.

"ಅದಕ್ಕೆ ವಯರ್ ಇಲ್ವಾ?" ಎಂದು ಕೇಳಿದರು.

"ಇಲ್ಲ ಆಂಟಿ, ಬ್ಯಾಟರಿ."

"ಇಂಥದ್ದೇ ದೊಡ್ಡದು ಐಸ್ ಕೊರೀಲಿಕ್ಕೆ ಬಂದಿದೆಯಂತೆ. ನಿಮಗೆ ಗೊತ್ತುಂಟಾ?"

ಕೆರೆಯ ಮೀನಿನ ವಿಷಯ ಆಗಿನ್ನೂ ಗೊತ್ತಿಲ್ಲದ ನಾನು, ಫ್ರೀಜರಿನೊಳಗಿನ ಐಸಾ ಎಂದು ಕೇಳಿದೆ. ಅವರು ನಗಲಿಲ್ಲ. ಬನ್ನಿ ಎಂದು ಗರಾಜಿಗೆ ಕರೆದುಕೊಂಡು ಹೋಗಿ ಆ ಕೆಂಪು ಯಂತ್ರವನ್ನು ತೋರಿಸಿದರು. ಎದೆಯೆತ್ತರ ಇತ್ತು. ಕೆಳಗೆ ತಿರುಪಿನಂಥ ಅಗಲವಾದ ಅಲಗು, ಮೇಲೆ ಹಿಡಿದುಕೊಳ್ಳಲು ಎರಡು ಹಿಡಿಕೆ, ಅವುಗಳ ನಡುವೆ ಪೆಟ್ರೋಲಿನ ಎಂಜಿನ್. ಮಿನೆಸೋಟಾದವರು ಇದನ್ನು ಆಗರ್ ಅನ್ನುತ್ತಾರೆ. ಆಂಟಿ ಬೈರಿಗೆ ಅನ್ನುತ್ತಿದ್ದರು. ದೋಣಿ ಕಟ್ಟುವ ಆಚಾರಿಗಳ ಕೈಯಲ್ಲಿ ನೋಡಿ ಬಲ್ಲ ಹೆಸರು. ಹಗ್ಗ ಎಳೆದು ಎಂಜಿನ್ ಸ್ಟಾರ್ಟ್ ಮಾಡಬೇಕು. ಬಲಭುಜದ ಆಪರೇಷನ್ ಆದಮೇಲೆ ತಮಗೆ ಅದನ್ನು ಎಳೆಯಲು ಆಗುವುದಿಲ್ಲ ಎಂದರು. ಹಿಂದಿನ ದಿನ ತಾನೇ ಎಳೆದು ನೋಡಿದ್ದರಂತೆ. ಗರಾಜಿನ ತುಂಬ ಅದೇ ವಾಸನೆ...

ಆಮೇಲೆ, ಬೇರೆ ಯಾರದೋ ವಿಷಯ ಹೇಳುವ ಹಾಗೆ, "ಅವರು ಹೋದದ್ದು ಇದನ್ನು ಎಳೀಲಿಕ್ಕೆ ಹೋಗಿ" ಎಂದರು.

ಆವತ್ತು ವಿಪರೀತ ಚಳಿಯಂತೆ. ಎಂಜಿನ್ ಹತ್ತಿಕೊಳ್ಳಲಿಲ್ಲ. ಅಂಕಲ್ ಎಳೆದರು, ನಿಂತರು, ಮತ್ತೆ ಎಳೆದರು. ಸಾಕು, ಮನೆಗೆ ಹೋಗುವ ಎಂದು ಇವರು ಹೇಳಿದ್ದಕ್ಕೆ, ಇನ್ನೊಂದು ಸಲ ಎಂದರು. ಆಮೇಲೆ ಸುಸ್ತಾದವರ ಹಾಗೆ ಐಸಿನ ಮೇಲೆ ಕೂತುಕೊಂಡರು. ಹಾಗೇ ಪಕ್ಕಕ್ಕೆ ಒರಗಿದರು. ದೂರದಲ್ಲಿ ಮೀನು ಹಿಡಿಯುತ್ತಿದ್ದವರು ಇವರು ಕೈ ಬೀಸಿದ್ದನ್ನು ಕಂಡು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

 

ಜನವರಿಗೆ ಆ ಕೆರೆಗೆ ಹೋಗಬೇಕು ಅನ್ನುವುದು ಅವರ ಮನಸ್ಸಿನಲ್ಲಿತ್ತು. ಅಲ್ಲಿ ಪರಿಚಯದವರು ಇದ್ದಾರಲ್ಲ, ಅವರೇ ತೂತು ಕೊರೆದುಕೊಡುತ್ತಾರಲ್ಲ ಎಂದು ಕೇಳಿದೆ.

"ಕೊಡ್ತಾರೆ. ಒಳ್ಳೆಯವರು" ಎಂದರು. "ಆದ್ರೆ ಮೀನು ಒಂದೇ ಕಡೆ ಇರುದಿಲ್ಲ. ಸಿಗದಿದ್ರೆ ಎದ್ದು ಬೇರೆ ಕಡೆ ಕೊರೀಬೇಕು. ಇನ್ನೊಬ್ಬರು ಕೊರೆದುಕೊಟ್ರೆ, ಅವರು ಕೂರಿಸಿದಲ್ಲೇ ಕೂರಬೇಕು. ಎಷ್ಟು ಸಲ ಅಂತ ಕೇಳುದು? ಅವರಿರುವಾಗ್ಲೂ ಹಾಗೇ ಆಯ್ತು. ಅಲ್ಲಿ ಕೊರೀರಿ ಅಂತ ನಾನು ಹೇಳಿದ್ರೆ, ಅವರು ಇಲ್ಲೇ ಅಂತ ಹೇಳುದು."

ಅದಕ್ಕೇ ಬ್ಯಾಟರಿಯದು ಬೇಕಾಗಿತ್ತು. ಮಿನೆಸೋಟಾದಲ್ಲೇ ಕೊಳ್ಳಬಹುದಿತ್ತು. ಆದರೆ ಎಲ್ಲರ ಎದುರಿಗೆ ಮೊದಲ ಸಲ ಅದನ್ನು ಹಿಡಿಯುವುದು ಅವರಿಗೆ ಇಷ್ಟವಿರಲಿಲ್ಲ. ಇಲ್ಲೇ ಕಲಿತು ಹೋಗುವುದು ಎಂದು ನಿಶ್ಚಯ ಮಾಡಿದ್ದರು. ಟೆಕ್ಸಾಸಿನಲ್ಲಿ ಐಸ್ ಎಲ್ಲಿ ಎಂದು ನಾನೂ ಕೇಳಲಿಲ್ಲ.

ಒಂದು ಶನಿವಾರ ಅವರನ್ನು ಕರೆದುಕೊಂಡು ಮೀನುಗಾರಿಕೆಯ ಸಾಮಾನು ಮಾರುವ ದೊಡ್ಡ ಅಂಗಡಿಗೆ ಹೋದೆ. ಅಲ್ಲಿದ್ದ ಯುವಕ ಸಭ್ಯನಾಗಿ ಎಲ್ಲ ಕೇಳಿಸಿಕೊಂಡು, ಬೇಲಿಯ ಕಂಬ ನೆಡಲು ನೆಲ ಕೊರೆಯುವ ಯಂತ್ರ ಸಿಗುವ ಅಂಗಡಿಯ ವಿಳಾಸ ಕೊಟ್ಟ. ಆಂಟಿ ಅವನಿಗೆ ಥ್ಯಾಂಕ್ಸ್ ಹೇಳಿದರು. ಕಾರಿನಲ್ಲಿ ಕೂತ ಮೇಲೆ, "ಪಾಪ, ಅವ ಐಸ್ ನೋಡಿದ್ದು ಗ್ಲಾಸಿನಲ್ಲಿ ಮಾತ್ರ" ಎಂದರು.

ಮತ್ತೆ ಉಳಿದದ್ದು ನನ್ನ ಲ್ಯಾಪ್‌ಟಾಪ್. ಕೆಲವು ಸಂಜೆ ಅವರ ಊಟದ ಮೇಜಿನ ಮೇಲೆ ಅದನ್ನಿಟ್ಟುಕೊಂಡು ಕೂತೆವು. ಅಂಥ ಯಂತ್ರಗಳು ಮಾರುಕಟ್ಟೆಗೆ ಬಂದು ಆಗ ಹೆಚ್ಚು ಕಾಲವಾಗಿರಲಿಲ್ಲ. ನಾನು ಸಾಫ್ಟ್‌ವೇರಿನವನು. ಬ್ಯಾಟರಿ ಯಾವುದು ದೊಡ್ಡದು, ಒಂದು ಚಾರ್ಜಿಗೆ ಯಾವುದು ಹೆಚ್ಚು ತೂತು ಕೊರೆಯುತ್ತದೆ ಎಂದು ನೋಡುತ್ತಿದ್ದೆ. ಅವರು ಎಲ್ಲಕ್ಕಿಂತ ಮೊದಲು ತೂಕ ಕೇಳುತ್ತಿದ್ದರು. ನಾನು ತೂಕ ಹೇಳಿದರೆ, ಎದ್ದು ಹೋಗಿ ಅಡುಗೆಮನೆಯ ಅಕ್ಕಿ ಚೀಲವನ್ನೋ ಉದ್ದಿನಬೇಳೆಯ ಚೀಲವನ್ನೋ ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ನಿಲ್ಲುತ್ತಿದ್ದರು. "ಇದು ಆಗ್ತದೆ" ಅಥವಾ "ಇದು ಆಗುದಿಲ್ಲ." ಎಂಟು ಇಂಚಿನ ತೂತು ಕೊರೆಯುವುದನ್ನು ಜನ ಹೆಚ್ಚು ಹೊಗಳಿದ್ದರು. ಅವರು ಆರು ಇಂಚಿನದು ಸಾಕು ಎಂದರು. ತೂತು ಅಗಲವಾದಷ್ಟೂ ಯಂತ್ರ ಭಾರ, ಬ್ಯಾಟರಿ ಬೇಗ ಖಾಲಿ. "ನಾನು ತಿಮಿಂಗಿಲ ಹಿಡೀಲಿಕ್ಕೆ ಹೋಗುದಲ್ಲ."

ನನ್ನ ಡ್ರಿಲ್ಲಿಗೇ ಉದ್ದನೆಯ ಅಲಗು ಸಿಕ್ಕಿಸುವ ಇನ್ನೊಂದು ದಾರಿ ಇತ್ತು. ತುಂಬ ಹಗುರ. ನಾನು ಅದನ್ನೇ ಹೇಳಿದೆ. ಅವರು ವಿಡಿಯೋ ನೋಡಿದರು. ಅಲಗು ಐಸಿನ ತಳ ಮುಟ್ಟಿ ಸಿಕ್ಕಿಕೊಂಡಾಗ ಡ್ರಿಲ್ ಹಿಡಿದಿದ್ದವನ ಮಣಿಕಟ್ಟು ತಟ್ಟನೆ ತಿರುಗಿದ್ದನ್ನು ಕಂಡು, ಅಲ್ಲಿಗೇ ನಿಲ್ಲಿಸಿ ಎಂದರು. ಎರಡು ಹಿಡಿಕೆಯದೇ ಆಗಬೇಕು, ಕೈಬಿಟ್ಟರೆ ತಾನಾಗಿ ನಿಲ್ಲಬೇಕು. ಮೈಕೊರೆಯುವ ಚಳಿಯಲ್ಲಿ ಬ್ಯಾಟರಿ ಸೊರಗುತ್ತದೆ ಎಂದು ಓದಿ ಹೇಳಿದೆ. ಅದನ್ನು ಕೋಟಿನೊಳಗೆ ಇಟ್ಟುಕೊಳ್ಳುತ್ತೇನೆ, ತೂತು ಕೊರೆಯುವಾಗ ಮಾತ್ರ ಹಾಕುತ್ತೇನೆ ಎಂದರು. ಕೊನೆಗೆ ಉಳಿದದ್ದು ಎರಡು. ಒಂದನ್ನು ಕೊಂಡವರು ಬಹಳ ಹೊಗಳಿ ಬರೆದಿದ್ದರು. ಓದಿ ಹೇಳಿದೆ.

"ಇದು ಬರೆದವರಿಗೆ ಪ್ರಾಯ ಎಷ್ಟು?" ಎಂದು ಕೇಳಿದರು.

ಅದು ಅಲ್ಲಿ ಇರಲಿಲ್ಲ. ಅವರು ಇನ್ನೊಂದನ್ನು ಆರಿಸಿದರು. ಅದಕ್ಕೆ ಹಿಂದಕ್ಕೆ ತಿರುಗಿಸುವ ಗುಂಡಿಯೂ ಇತ್ತು. ತೂತಿನಲ್ಲಿ ತುಂಬಿಕೊಳ್ಳುವ ಐಸಿನ ಚೂರುಗಳನ್ನು ಬಗ್ಗಿ ಬಗ್ಗಿ ತೆಗೆಯಬೇಕಾಗಿಲ್ಲ, ಯಂತ್ರವೇ ಕೆಳಗೆ ತಳ್ಳುತ್ತದೆ.

ಪೆಟ್ಟಿಗೆ ಬಂದ ವಾರವೇ ಮಗಳು ಅದನ್ನು ನೋಡಿದಳು. ಆಂಟಿಯ ಜೊತೆ ಏನು ಮಾತಾಯಿತೋ ಗೊತ್ತಿಲ್ಲ. ಹೊರಡುವ ಮುಂಚೆ ನಮ್ಮ ಮನೆಯ ಬಾಗಿಲಿಗೆ ಬಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಆದರೆ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ದನಿ ಏರಿಸದೆ ಹೇಳಿದಳು: ನಿಮಗೆ ಆ ಜಾಗ ಗೊತ್ತಿಲ್ಲ. ಅಲ್ಲಿ ಎಲ್ಲಿಂದ ಎಲ್ಲಿಗೆ ನೋಡಿದರೂ ಬಿಳಿ. ಅಪ್ಪ ಬಿದ್ದಾಗ ಪಕ್ಕದಲ್ಲಿ ಅಮ್ಮನಾದರೂ ಇದ್ದಳು. ಅಮ್ಮ ಬಿದ್ದರೆ ಯಾರಿರುತ್ತಾರೆ?

ಒಳಗೆ ಬನ್ನಿ ಎಂದೆ. ಅವಳು ಬರಲಿಲ್ಲ.

ಆಂಟಿಗೆ ಇದನ್ನು ಹೇಳಿದೆ. ಅವರು ಮಗಳಿಗೆ ಫೋನ್ ಮಾಡಿ ಸ್ಪೀಕರಿನಲ್ಲಿಟ್ಟು, ನನ್ನ ಎದುರಿಗೇ ಮಾತಾಡಿದರು.

"ಬರುವ ಭಾನುವಾರ ನೀನು ಬಂದು ನೋಡು. ನನ್ನ ಕೈಯಲ್ಲಿ ಆಗುದಿಲ್ಲ ಅಂತ ನಿನಗೆ ಕಂಡ್ರೆ, ನಾನು ಹೋಗುದಿಲ್ಲ. ಈ ವರ್ಷ ಅಲ್ಲ, ಯಾವ ವರ್ಷವೂ ಇಲ್ಲ."

ಆಚೆಯಿಂದ ಮಗಳು ಓಕೆ ಎಂದಳು.

ಡಲ್ಲಾಸಿನಲ್ಲಿ ಪಾರ್ಟಿಗಳಿಗೆ ಐಸಿನಲ್ಲಿ ಹಂಸ, ಕುದುರೆ ಕೆತ್ತಿಕೊಡುವವರಿದ್ದಾರೆ. ಅವರಿಗೆ ಐಸಿನ ದೊಡ್ಡ ದಿಮ್ಮಿ ಮಾರುವವರೂ ಇದ್ದಾರೆ. ಹುಡುಕಿ ಒಂದನ್ನು ತರಿಸಿದೆವು. ತಂದವರು ಅದನ್ನು ತಳ್ಳುಗಾಡಿಯಲ್ಲಿಟ್ಟು ಹಿತ್ತಲಿಗೆ ತಂದು, ನಾವು ಹಾಸಿಟ್ಟಿದ್ದ ಮರದ ಚೌಕಟ್ಟಿನ ಮೇಲೆ ಅಡ್ಡ ಮಲಗಿಸಿ ಹೋದರು. ಶವಪೆಟ್ಟಿಗೆಯಷ್ಟು ಉದ್ದ ಇತ್ತು, ಒಂದಡಿಗೆ ಸ್ವಲ್ಪ ಕಡಿಮೆ ದಪ್ಪ. ಅಕ್ಟೋಬರಿನ ಬಿಸಿಲಿಗೆ ಆಗಲೇ ಬೆವರುತ್ತಿತ್ತು. ಆಂಟಿ ಹತ್ತಿಯ ಚೂಡಿದಾರದ ಕೆಳಗೆ ಮಿನೆಸೋಟಾದ ದಪ್ಪ ಬೂಟು ಹಾಕಿಕೊಂಡು ಬಂದರು. ಮಗಳು ಕೈಕಟ್ಟಿಕೊಂಡು ಬಾಗಿಲ ಹತ್ತಿರ ನಿಂತಳು. ನಾನು ದಿಮ್ಮಿ ಜರುಗದ ಹಾಗೆ ಒಂದು ತುದಿಗೆ ಕಾಲು ಕೊಟ್ಟು ನಿಂತೆ.

ಮೊದಲನೆಯ ಸಲ ಆಗಲಿಲ್ಲ. ಅಲಗು ಐಸನ್ನು ಕಚ್ಚಿದ ಕೂಡಲೇ ಹಿಡಿಕೆ ಅವರನ್ನು ಬಲಕ್ಕೆ ಎಳೆಯಿತು. ಅವರು ಕೈಬಿಟ್ಟರು. ಯಂತ್ರ ನಿಂತಿತು. ಅವರ ಮುಖ ಬಿಳಿಚಿಕೊಂಡಿತ್ತು, ಎಡಗೈ ಭುಜದ ಮೇಲಿತ್ತು.

ಮಗಳು ಎರಡು ಹೆಜ್ಜೆ ಮುಂದೆ ಬಂದು, "ಅಮ್ಮಾ, ಸಾಕು" ಎಂದಳು.

ಆಂಟಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತರು. ಐಸಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇಲ್ಲಿಗೆ ಮುಗಿಯಿತು ಎಂದೇ ನಾನು ಅಂದುಕೊಂಡೆ.

"ನಾನು ಮೇಲಿಂದ ಒತ್ತಿದೆ. ಅದು ತಪ್ಪು" ಎಂದರು ಆಂಟಿ, ತಮ್ಮಷ್ಟಕ್ಕೆ. "ಅದರಷ್ಟಕ್ಕೆ ಇಳೀಲಿಕ್ಕೆ ಬಿಡಬೇಕು."

ಎದ್ದು, ಕಾಲು ಅಗಲಿಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಭಾರವನ್ನೆಲ್ಲ ಎಡಗೈಗೆ ಕೊಟ್ಟು ನಿಂತರು. ಈ ಸಲ ಯಂತ್ರ ಮಿಕ್ಸಿಯ ಹಾಗೆ ಒಂದೇ ಸಮನೆ ಗುಂಯ್‌ಗುಟ್ಟಿತು. ತೆಂಗಿನ ತುರಿಯಂಥ ಐಸ್ ಎದ್ದು ಅವರ ಬೂಟಿನ ಸುತ್ತ ಹುಲ್ಲಿನ ಮೇಲೆ ಬೀಳತೊಡಗಿತು. ಅಲಗು ಇಳಿಯುತ್ತಾ ಹೋಗಿ, ಸದ್ದು ಬದಲಾದ ಕೂಡಲೇ ಅವರು ನಿಲ್ಲಿಸಿದರು. ಕೆಳಗಿನ ಮರಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಪಕ್ಕಕ್ಕೆ ಸರಿದು ಇನ್ನೊಂದು ಕೊರೆದರು. ಮತ್ತೊಂದು ಕೊರೆಯಲು ಹೊರಟಾಗ ದಿಮ್ಮಿ ಸೀಳಿ ಎರಡಾಯಿತು.

ಮಗಳು ಬಗ್ಗಿ ಒಂದು ಹಿಡಿ ಐಸಿನ ತುರಿ ತೆಗೆದುಕೊಂಡು, ಅದು ಕರಗಿ ಬೆರಳ ಸಂದಿಯಲ್ಲಿ ಇಳಿಯುವವರೆಗೆ ಹಿಡಿದುಕೊಂಡೇ ಇದ್ದಳು. ಆಮೇಲೆ ಇಂಗ್ಲಿಷಿನಲ್ಲಿ, ಇದನ್ನು ತೆಗೆದುಕೊಂಡು ಹೋಗುವುದು ಹೇಗೆ ಎಂದು ಕೇಳಿದಳು.

ಅದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅಷ್ಟು ದೊಡ್ಡ ಬ್ಯಾಟರಿಯನ್ನು ವಿಮಾನದಲ್ಲಿ ಬಿಡುವುದಿಲ್ಲ ಎಂದು ಅವಳೇ ಫೋನಿನಲ್ಲಿ ನೋಡಿ ಹೇಳಿದಳು. ಆಂಟಿ ಯಂತ್ರದ ಅಲಗು ಒರೆಸುತ್ತಿದ್ದವರು ಹಾಗೇ ನಿಂತರು.

"ಐ-35 ಹೈವೇ ಹಿಡಿದು ಉತ್ತರಕ್ಕೆ ಹೋದರೆ ಸೀದಾ ಮಿನೆಸೋಟಾ" ಎಂದೆ ನಾನು. "ಆದರೆ ಎರಡು ದಿನದ ಡ್ರೈವ್."

ಮಗಳು ನನ್ನನ್ನು ನೋಡಲಿಲ್ಲ. ಅಮ್ಮನನ್ನು ನೋಡಿ, ಜನವರಿಯಲ್ಲಿ ರಜೆ ಕೇಳುತ್ತೇನೆ, ಡ್ರೈವ್ ನಾನು ಮಾಡುತ್ತೇನೆ ಎಂದಳು. ಆಂಟಿ ಆಗಲಿ ಎಂದರು. ಎಲ್ಲರೂ ಒಳಗೆ ಹೋಗಿ ಕಾಫಿ ಕುಡಿದೆವು.

ಇಬ್ಬರೂ ಮಿನೆಸೋಟಾಕ್ಕೆ ಹೋದರು. ಜನವರಿಯ ಒಂದು ಮಧ್ಯಾಹ್ನ ಆಫೀಸಿನಲ್ಲಿದ್ದಾಗ ನನ್ನ ಫೋನಿಗೆ ಒಂದು ಫೋಟೋ ಬಂತು. ಮನುಷ್ಯರಿಲ್ಲ, ಮೀನಿಲ್ಲ, ಬಿಳಿಯ ನಡುವೆ ಒಂದು ದುಂಡನೆಯ ಕಪ್ಪು ತೂತು, ಅಷ್ಟೇ. ಕೆಳಗೆ, "ಇದು ನಾನು ಕೊರೆದದ್ದು."

ವಾಪಸ್ ಬಂದ ಮೇಲೆ ಬೇಲಿಯ ಹತ್ತಿರ ನಿಂತು ಸ್ವಲ್ಪ ಹೇಳಿದರು. ಹಳೆಯ ಪರಿಚಯದವರು ತಮ್ಮ ತಮ್ಮ ಯಂತ್ರ ಹಿಡಿದು ಸಹಾಯಕ್ಕೆ ಬಂದರಂತೆ. ಬೇಡ ಎಂದು ಹೇಳಿ, ಒಂದು ಕಡೆ ಕೊರೆದು, ಸಿಗದೆ, ಎದ್ದು ಇನ್ನೊಂದು ಕಡೆ ಹೋಗಿ, ಅಲ್ಲೂ ಸಿಗದೆ, ದಡದ ಕಡೆಗೆ ಬಂದು ಕೊರೆದಾಗ ಮೀನು ಸಿಕ್ಕಿತಂತೆ. ಮಗಳು ಪೂರ್ತಿ ದಿನ ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತು ಇವರನ್ನೇ ನೋಡುತ್ತಿದ್ದಳಂತೆ.

"ಅಂಕಲ್ ಹೋದ ಜಾಗಕ್ಕೆ ಹೋಗಿದ್ರಾ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಐಸಿನಲ್ಲಿ ಜಾಗ ಅಂತ ಉಂಟಾ ಮಾರಾಯ" ಎಂದರು. "ಅದು ಪ್ರತಿ ವರ್ಷ ಕರಗ್ತದೆ."

ಅದಾದ ಮೇಲೆ ಪ್ರತಿ ಜನವರಿ ಅಮ್ಮ ಮಗಳು ಹೋಗತೊಡಗಿದರು. ಮಗಳು ಎರಡನೆಯ ವರ್ಷ ಕಾರಿನಿಂದ ಇಳಿದಳು, ಮೂರನೆಯ ವರ್ಷ ಅವಳದೇ ಒಂದು ಬಕೆಟ್ ಬಂತು. ಆ ಹೊತ್ತಿಗೆ ನನಗೆ ಆಸ್ಟಿನ್ನಿನಲ್ಲಿ ಕೆಲಸ ಸಿಕ್ಕಿ ನಾವು ಶಿಫ್ಟ್ ಆದೆವು. ಬೇಲಿಯ ಹತ್ತಿರ ನಿಂತು ಆಡುತ್ತಿದ್ದ ಮಾತು ಹಬ್ಬದ ದಿನದ ಮೆಸೇಜುಗಳಿಗೆ ಇಳಿಯಿತು. ಹೀಗೇ ಆಗುತ್ತದೆ...

ಕೊನೆಯ ಚಳಿಗಾಲದ ವಿಷಯ ನನಗೆ ಗೊತ್ತಾದದ್ದು ಮಗಳಿಂದ. ಆಂಟಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಹೋಗುವುದು ಬೇಡ ಎಂದು ಆ ವರ್ಷ ಮಗಳು ಹೇಳಲಿಲ್ಲ. ಅವರಿಗೆ ಯಂತ್ರ ಎತ್ತಲು ಆಗುತ್ತಿರಲಿಲ್ಲ. ಎರಡು ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತು ಕೈ ತೋರಿಸಿದರು. ಅವರು ತೋರಿಸಿದಲ್ಲೆಲ್ಲ ಮಗಳು ಕೊರೆದಳು. ಅಲ್ಲಿ ಅಲ್ಲ, ಸ್ವಲ್ಪ ಆಚೆ. ಇನ್ನೂ ಸ್ವಲ್ಪ. ಬ್ಯಾಟರಿ ಮುಗಿಯುವವರೆಗೂ ಕೊರೆದಳಂತೆ. ಮೀನು ಸಿಕ್ಕಿತಾ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆ ಬೇಸಿಗೆ ಮುಗಿಯುವ ಮುಂಚೆ ಆಂಟಿ ಹೋದರು. ಸುದ್ದಿ ಬರುವಷ್ಟರಲ್ಲಿ ಎಲ್ಲ ಕಾರ್ಯ ಮುಗಿದಿತ್ತು. ನಾವು ಒಂದು ಶನಿವಾರ ಸೌತ್‌ಲೇಕ್‌ಗೆ ಹೋಗಿ ಮಗಳನ್ನು ಕಂಡು, ಸ್ವಲ್ಪ ಹೊತ್ತು ಕೂತು ಬಂದೆವು. ನನಗೆ ಅಳುವೇನೂ ಬರಲಿಲ್ಲ.

ಈ ಜನವರಿಯಲ್ಲಿ, ನಾನು ಒಂದು ಮೀಟಿಂಗಿಗೆ ಹೊರಟಿದ್ದಾಗ ಅವಳ ಫೋನ್ ಬಂತು. ಗಾಳಿಯ ಸದ್ದಿನಲ್ಲಿ ಮೊದಲು ಏನೂ ಕೇಳಿಸಲಿಲ್ಲ. ಅವಳು ಕೆರೆಯ ಮೇಲಿದ್ದಳು, ಒಬ್ಬಳೇ ಡ್ರೈವ್ ಮಾಡಿಕೊಂಡು ಹೋಗಿದ್ದಳು. ಏನಾದರೂ ತೊಂದರೆಯಾ, ಬ್ಯಾಟರಿ ಹೋಯಿತಾ ಎಂದು ಕೇಳಿದೆ. ಇಲ್ಲ ಎಂದಳು. ಆಮೇಲೆ, ಇಷ್ಟು ವರ್ಷದಲ್ಲಿ ನನ್ನ ಜೊತೆ ಮೊದಲ ಸಲ, ಕನ್ನಡದಲ್ಲಿ ಕೇಳಿದಳು:

"ಎಲ್ಲಿ ಕೊರೆಯುದು?"

ಹೆಪ್ಪುಗಟ್ಟಿದ ಕೆರೆಯನ್ನು ನಾನು ಈವರೆಗೆ ನೋಡಿಲ್ಲ. ಅದು ಅವಳಿಗೂ ಗೊತ್ತು. ಆದರೂ ಏನೋ ಒಂದು ಹೇಳಬೇಕಿತ್ತು. ನೀವು ಈಗ ನಿಂತಿರುವಲ್ಲೇ ಶುರು ಮಾಡಿ, ಸಿಗದಿದ್ದರೆ ಸ್ವಲ್ಪ ಆಚೆ ಹೋಗಿ ಎಂದೆ. ಅವಳು ಫೋನ್ ಕಟ್ ಮಾಡದೆ ಜೇಬಿಗೆ ಹಾಕಿಕೊಂಡಳು ಅನಿಸುತ್ತದೆ. ಯಂತ್ರ ಸ್ಟಾರ್ಟ್ ಆದದ್ದು ಕೇಳಿಸಿತು. ಮೀಟಿಂಗಿನವರು ಒಳಗಿನಿಂದ ಕೈಮಾಡಿ ಕರೆಯುತ್ತಿದ್ದರು. ನಾನು ಕಾರಿಡಾರಿನಲ್ಲಿ ನಿಂತೇ ಇದ್ದೆ. ಆಂಟಿ ಇಲ್ಲ ಎನ್ನುವುದು ನನಗೆ ಸರಿಯಾಗಿ ಗೊತ್ತಾದದ್ದು ಆಗ.